ಮೈಕಿಲ್ಲದ ಎಲೆಕ್ಷನ್: ಹತ್ತು ದಿನ, ಆಮೇಲೆ ಇನ್ನೊಂದು ಹತ್ತು ದಿನ

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ಹುಡುಗಿಯ ಹೆಸರು ಬೇರೆ, ಊರು ಹೇಳಿಲ್ಲ, ಓಟಿನ ಲೆಕ್ಕವನ್ನೂ ಗುರುತು ಸಿಗದ ಹಾಗೆ ಸ್ವಲ್ಪ ಅತ್ತಿತ್ತ ಮಾಡಿದ್ದೇನೆ. ನಡೆದದ್ದು ಮಾತ್ರ ನಡೆದ ಹಾಗೇ ಇದೆ. ಬರೆದದ್ದನ್ನು ಅವಳಿಗೇ ಮೊದಲು ಕೊಟ್ಟೆ. ಎರಡು ಕಡೆ "ಅಕ್ಕಾ, ಇದು ಬ್ಯಾಡ" ಅಂದಳು, ತೆಗೆದಿದ್ದೇನೆ. ಇಲ್ಲಿ ಅವಳನ್ನು ಮಲ್ಲಿ ಅಂತ ಕರೆಯುತ್ತೇನೆ.

ಮಲ್ಲಿ ರಾಯಚೂರು ಜಿಲ್ಲೆಯವಳು. ಪಕ್ಕದ ರಾಜ್ಯದ ಒಂದು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಎರಡನೇ ವರ್ಷ. ನಾನು ಅದೇ ಹಾಸ್ಟೆಲ್‌ನಲ್ಲಿ ಎರಡು ರೂಮ್ ಆಚೆ, ಪಿಎಚ್.ಡಿ. ಮಾಡುತ್ತಿದ್ದವಳು. ಕ್ಯಾಂಪಸ್‌ನಲ್ಲಿ ಕನ್ನಡ ಮಾತಾಡುವವರು ಒಂದು ಕೈಬೆರಳಿಗಿಂತ ಸ್ವಲ್ಪ ಜಾಸ್ತಿ, ಹಾಗಾಗಿ ಪರಿಚಯ ತಾನಾಗೇ ಆಯಿತು. ಅವಳು ಊರಿಂದ ಬರುವಾಗಲೆಲ್ಲ ಒಂದು ಸ್ಟೀಲ್ ಡಬ್ಬಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ತರುತ್ತಿದ್ದಳು. ಮಲೆನಾಡಿನವಳಾದ ನನಗೆ ಮೊದಮೊದಲು ಅದು ಹಪ್ಪಳವೋ ರೊಟ್ಟಿಯೋ ಗೊತ್ತಾಗುತ್ತಿರಲಿಲ್ಲ. ಈ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಅವಳು ನಿಂತದ್ದು ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ, ಪಕ್ಷೇತರಳಾಗಿ. ಕಾರಣ ಒಂದೇ ಒಂದು. ಲೈಬ್ರರಿಯಿಂದ ಹುಡುಗಿಯರ ಹಾಸ್ಟೆಲ್ ಕಡೆಗೆ ಬರುವ ಕೊನೆಯ ಬಸ್ ರಾತ್ರಿ ಒಂಬತ್ತಕ್ಕೆ ಮುಗಿಯುತ್ತಿತ್ತು, ಲೈಬ್ರರಿ ಮಾತ್ರ ಹನ್ನೆರಡರ ತನಕ ತೆರೆದಿರುತ್ತಿತ್ತು. ಅಂದರೆ ನಾವು ಓದಬೇಕೆಂದರೆ ಕತ್ತಲಲ್ಲಿ ಎರಡು ಕಿಲೋಮೀಟರ್ ನಡೆಯಬೇಕು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಮಲ್ಲಿ ನಾಮಪತ್ರ ಹಾಕಿದಳು. ಹಿಂದೆ ಹನ್ನೊಂದು ಜನ ಗೆಳೆಯರು. ದೊಡ್ಡ ಸಂಘಟನೆಗಳ, ಎಲ್ಲ ಸ್ಥಾನಗಳಿಗೂ ಒಟ್ಟಿಗೆ ನಿಲ್ಲುವ ಪ್ಯಾನೆಲ್‌ಗಳಿಗೆ ಒಂದೊಂದಕ್ಕೂ ನೂರಿನ್ನೂರು ಜನ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕರ್ನಾಟಕದ ಕಾಲೇಜುಗಳಲ್ಲಿ 1990ರ ಆಸುಪಾಸಿನಲ್ಲೇ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಯಿತು. ನಮ್ಮ ಪೀಳಿಗೆಗೆ ಎಲೆಕ್ಷನ್ ಅಂದರೆ ಮೇಷ್ಟ್ರು "ಯಾರಪ್ಪ ಸಿ.ಆರ್. ಆಗ್ತೀರಿ" ಅಂತ ಕ್ಲಾಸ್ ಪ್ರತಿನಿಧಿಗಾಗಿ ಕೇಳಿ ಮೊದಲ ಬೆಂಚಿನವರನ್ನು ಎಬ್ಬಿಸುವುದು, ಅಷ್ಟೇ. ಉಳಿದ ಅಭ್ಯರ್ಥಿಗಳಲ್ಲಿ ಬಹಳ ಜನ ಡಿಗ್ರಿಯಲ್ಲೇ ಒಂದೆರಡು ಚುನಾವಣೆ ನೋಡಿದವರು, ಯಾವಾಗ ಓಡಬೇಕು ಯಾವಾಗ ಕೂರಬೇಕು ಅಂತ ಗೊತ್ತಿದ್ದವರು. ಮಲ್ಲಿಗೆ ಗೊತ್ತಿದ್ದ ಒಂದೇ ಚುನಾವಣೆ ಅವಳೂರಿನ ಗ್ರಾಮ ಪಂಚಾಯ್ತಿಯದು. ಅಲ್ಲಿ ಅವಳ ಚಿಕ್ಕಪ್ಪ ಸೋತು, ಆಮೇಲೆ ಗೆದ್ದವರ ಮನೆಯವರ ಜೊತೆ ಮಾತೇ ನಿಂತುಹೋಗಿತ್ತಂತೆ. ಅದಕ್ಕೇ ಮನೆಯಲ್ಲಿ ಏನೂ ಹೇಳದೆ ನಿಂತಳು. ಇದು ಮೊದಲ ತಪ್ಪು. ನಾನೂ "ಈಗ್ಲೇ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾರೆ" ಅಂದಿದ್ದೆ. ಹಾಗಾಗಿ ತಪ್ಪಿನಲ್ಲಿ ನನಗೂ ಪಾಲು.

ನಿಯಮ ಮತ್ತು ಮೈ

ಈ ಪ್ರಕರಣ ಅರ್ಥ ಆಗಬೇಕಾದರೆ ನಿಯಮ ಗೊತ್ತಿರಬೇಕು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅವರ ಸಮಿತಿಯ ಶಿಫಾರಸುಗಳನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ ಜಾರಿ ಮಾಡಿಸಿತು. ಅದರ ಪ್ರಕಾರ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದದ್ದು 5,000 ರೂಪಾಯಿ. ಮುದ್ರಿಸಿದ ಪೋಸ್ಟರ್, ಕರಪತ್ರ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಧ್ವನಿವರ್ಧಕ ಇಲ್ಲ, ವಾಹನ ಇಲ್ಲ. ನಾಮಪತ್ರದಿಂದ ಫಲಿತಾಂಶದ ತನಕ ಎಲ್ಲವೂ ಹತ್ತು ದಿನದೊಳಗೆ ಮುಗಿಯಬೇಕು. ಶೇ. 75 ಹಾಜರಾತಿ ಬೇಕು, ಸ್ನಾತಕೋತ್ತರದವರಿಗೆ ವಯಸ್ಸಿನ ಮಿತಿ ಉಂಟು, ಫಲಿತಾಂಶ ಬಂದ ಎರಡು ವಾರದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು.

ಈ ನಿಯಮಗಳ ಮೇಲೆ ನನಗೆ ಸಿಟ್ಟಿಲ್ಲ. ಫ್ಲೆಕ್ಸು, ಬೈಕ್ ರ್‍ಯಾಲಿ, ಬಿರಿಯಾನಿ ಎಲ್ಲ ಬಂದರೆ ಮಲ್ಲಿಯಂಥವರು ನಿಲ್ಲುವ ಮಾತೇ ಇಲ್ಲ. ಆದರೆ ದುಡ್ಡಿನಿಂದ ಆಗುವ ಕೆಲಸವನ್ನು ದುಡ್ಡಿಲ್ಲದೆ ಮಾಡಿ ಅಂದಾಗ ಆ ಕೆಲಸ ಎಲ್ಲಿಗೆ ಹೋಗುತ್ತದೆ? ಗಂಟಲಿಗೆ, ಕಾಲಿಗೆ, ನಿದ್ದೆಗೆ ಬಂದು ಕೂರುತ್ತದೆ. ಮೈಕಿಲ್ಲ, ಹಾಗಾಗಿ ಕೂಗಬೇಕು. ಪ್ರಿಂಟ್ ಇಲ್ಲ, ಹಾಗಾಗಿ ರಾತ್ರಿ ಕೂತು ಬರೆಯಬೇಕು. ಗಾಡಿ ಇಲ್ಲ, ನಡೆಯಬೇಕು. ಹತ್ತೇ ದಿನ, ಹಾಗಾಗಿ ಯಾವುದನ್ನೂ ನಾಳೆಗೆ ಬಿಡೋಕಾಗಲ್ಲ. ನೂರಿನ್ನೂರು ಜನ ಇರುವ ಪ್ಯಾನೆಲ್‌ಗೆ ಈ ಭಾರ ಹಂಚಿಹೋಗುತ್ತದೆ. ಹನ್ನೊಂದು ಜನರಿದ್ದ ನಮಗೆ ಅದು ಪೂರ್ತಿ ಒಬ್ಬಳ ಮೈಮೇಲೆ ಬಿತ್ತು, ಮತ್ತು ಅದು ಬೀಳುತ್ತಿದೆ ಅಂತ ಐದು ದಿನ ನಮಗೆ ಗೊತ್ತೇ ಆಗಲಿಲ್ಲ.

ಊಟದ ಹೊತ್ತಲ್ಲಿ ಊಟ ಇಲ್ಲ

ಮಂಗಳವಾರ ನಾಮಪತ್ರ, ಬುಧವಾರ ಪರಿಶೀಲನೆ, ಗುರುವಾರದಿಂದ ಪ್ರಚಾರ. ಸೋಮವಾರ ರಾತ್ರಿ ಅಭ್ಯರ್ಥಿಗಳ ಡಿಬೇಟ್, ಮಂಗಳವಾರ ಪ್ರಚಾರ ಬಂದ್, ಬುಧವಾರ ಮತದಾನ, ಆ ರಾತ್ರಿಯೇ ಎಣಿಕೆ.

ಬೆಳಿಗ್ಗೆ ಕ್ಲಾಸ್ ಕ್ಲಾಸ್‌ಗೆ ಹೋಗಿ ಎರಡು ನಿಮಿಷ ಮಾತು. ಮಧ್ಯಾಹ್ನ ಕ್ಯಾಂಟೀನ್. ಆದರೆ ನಿಜವಾದ ಪ್ರಚಾರ ಆಗುವುದು ರಾತ್ರಿ ಮೆಸ್‌ನಲ್ಲಿ. ಏಳೂವರೆಯಿಂದ ಒಂಬತ್ತೂವರೆ ತನಕ ಜನ ತಟ್ಟೆ ಹಿಡಿದು ಕೂತಿರುತ್ತಾರೆ, ಎಲ್ಲೂ ಓಡಿಹೋಗಲ್ಲ. ಅಭ್ಯರ್ಥಿ ಬೆಂಚ್ ಮೇಲೆ ಹತ್ತಿ ನಿಂತು, ತಟ್ಟೆ ಲೋಟದ ಸದ್ದಿನ ಮೇಲೆ, ಎಕ್ಸಾಸ್ಟ್ ಫ್ಯಾನಿನ ಗದ್ದಲದ ಮೇಲೆ ಮಾತಾಡಬೇಕು. ಒಂದು ರಾತ್ರಿಗೆ ಮೂರು ಮೆಸ್.

ಈಗ ಲೆಕ್ಕ ಹಾಕಿ. ಬೇರೆಯವರು ಉಣ್ಣುವ ಹೊತ್ತಲ್ಲಿ ಬೇರೆಯವರ ಮೆಸ್‌ನಲ್ಲಿ ಮಾತಾಡುವವರು ತಮ್ಮ ಮೆಸ್‌ಗೆ ಬರುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಮಲ್ಲಿ ಗುರುವಾರ, ಶುಕ್ರವಾರ, ಶನಿವಾರ ಮೂರು ರಾತ್ರಿ ಊಟ ಮಾಡಿಲ್ಲ. ಚಹಾ, ಬಿಸ್ಕೆಟ್, ಮತ್ತೆ ಚಹಾ. ಯಾರಾದರೂ "ಉಂಡೆಯಾ" ಅಂತ ಕೇಳಿದರೆ "ಹ್ಞೂಂ ಅಕ್ಕಾ, ಆಯ್ತು" ಅನ್ನುತ್ತಿದ್ದಳು. ನಾವು ಎಲ್ಲರೂ ಕೇಳುತ್ತಿದ್ದೆವು, ಯಾರೂ ನೋಡುತ್ತಿರಲಿಲ್ಲ. ದಿನಕ್ಕೆ ಐನೂರು ಜನರಿಗೆ ನಮಸ್ಕಾರ ಹೇಳುವವಳ ಪಕ್ಕ ನಿಂತು, ಅವಳ ಹೊಟ್ಟೆಯಲ್ಲಿ ಏನಿದೆ ಅಂತ ಹನ್ನೊಂದರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹತ್ತು ಗಂಟೆಯ ಮೇಲೆ ಪೋಸ್ಟರ್. ಕಾಮನ್ ರೂಮ್‌ನಲ್ಲಿ ನೆಲಕ್ಕೆ ಹಳೇ ಪೇಪರ್ ಹಾಸಿ, ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಮೈದಾ ಅಂಟು ಕುದಿಸಿ, ಚಾರ್ಟ್ ಮೇಲೆ ಬ್ರಷ್‌ನಲ್ಲಿ ಬರೆಯುವುದು. ಮಲ್ಲಿಯ ಕೈಬರಹ ಚೆಂದ, ಹಾಗಾಗಿ ಬರೆಯುವ ಕೆಲಸವೂ ಅವಳಿಗೇ ಬಂತು. ಇದು ನನಗೆ ಈಗಲೂ ನಾಚಿಕೆ ಅನ್ನಿಸುವ ವಿಷಯ. ಪೋಸ್ಟರ್‌ನ ಅಕ್ಷರ ಸ್ವಲ್ಪ ಸೊಟ್ಟ ಇದ್ದಿದ್ದರೆ ಏನಾಗುತ್ತಿತ್ತು ಹೇಳಿ? ಯಾರೂ ಅಕ್ಷರ ನೋಡಿ ಓಟು ಹಾಕಲ್ಲ. ರಾತ್ರಿ ಎರಡಕ್ಕೆ ಮಲಗಿ ಆರಕ್ಕೆ ಏಳುತ್ತಿದ್ದಳು, ಬೆಳಗಿನ ಬಸ್ ನಿಲ್ದಾಣದಲ್ಲಿ ನಿಲ್ಲಬೇಕಲ್ಲ.

ಒಂಬತ್ತು ಸೆಕೆಂಡ್

ಶುಕ್ರವಾರ ರಾತ್ರಿ ಒಂದು ಮೆಸ್‌ನಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡುವಾಗ "ಅಕೌಂಟಬಿಲಿಟಿ" ಅನ್ನುವ ಪದದ ಮಧ್ಯೆ ಅವಳ ದನಿ ಒಡೆಯಿತು. ಎರಡನೇ ಸಲ ಹೇಳಲು ಹೋದಾಗ ಪದವೇ ತಿರುಚಿಕೊಂಡಿತು. ಯಾರೋ ರೆಕಾರ್ಡ್ ಮಾಡಿದ್ದರು. ಒಂಬತ್ತು ಸೆಕೆಂಡ್‌ನ ತುಣುಕು. ಬೆಳಗಾಗುವಷ್ಟರಲ್ಲಿ ಅದು ವಾಟ್ಸಾಪ್ ಸ್ಟಿಕ್ಕರ್ ಆಗಿತ್ತು, ಅವಳ ಬಾಯಿ ತೆರೆದ ಮುಖ, ಕೆಳಗೆ ಒಡೆದ ಇಂಗ್ಲಿಷ್ ಪದ. ಕೆಟ್ಟದ್ದೇನೂ ಇರಲಿಲ್ಲ ಅದರಲ್ಲಿ, ಹಾಗೆ ನೋಡಿದರೆ. ನಮ್ಮ ಕಡೆಯವರೇ ಒಬ್ಬರಿಬ್ಬರು ನಕ್ಕರು. ಆದರೆ ರಾಯಚೂರಿನ ಹಳ್ಳಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಒಂದೊಂದೇ ಇಟ್ಟಿಗೆ ಇಟ್ಟ ಹಾಗೆ ಕಟ್ಟಿಕೊಂಡವಳಿಗೆ ಅದು ಎಲ್ಲಿ ತಾಗುತ್ತದೆ ಅಂತ ಅಂಥ ಶಾಲೆಯಿಂದ ಬಂದವರಿಗೆ ಗೊತ್ತಿರುತ್ತದೆ.

ಅವಳ ರೂಮ್‌ಮೇಟ್ ಆಮೇಲೆ ಹೇಳಿದ್ದು: ರಾತ್ರಿ ಮೂರರ ತನಕ ಹೊದಿಕೆಯೊಳಗೆ ಫೋನ್ ಬೆಳಕು. ಅದೇ ಒಂಬತ್ತು ಸೆಕೆಂಡ್, ಸದ್ದಿಲ್ಲದೆ, ಮತ್ತೆ ಮತ್ತೆ.

ಶನಿವಾರ ಇನ್ನೊಂದು ಬಂತು. "ಪ್ರಧಾನ ಕಾರ್ಯದರ್ಶಿ ಸ್ಥಾನದ ಪಕ್ಷೇತರ ಅಭ್ಯರ್ಥಿ ಕಣದಿಂದ ಹಿಂದೆ ಸರಿದಿದ್ದಾರೆ" ಅನ್ನುವ ಮೆಸೇಜ್. ಪೂರ್ತಿ ಸುಳ್ಳು. ಅದೇ ದಿನ ಊರಿನ ಯಾರೋ ನೆಂಟರು ಅವಳ ಪೋಸ್ಟರ್‌ನ ಫೋಟೋವನ್ನು ಅವಳ ಅಪ್ಪನಿಗೆ ಕಳಿಸಿದರು. ಸಂಜೆ ಆರಕ್ಕೆ ಫೋನ್. ನಾನು ಪಕ್ಕದಲ್ಲೇ ಇದ್ದೆ. ಬೈಗುಳ ಬರುತ್ತದೆ ಅಂದುಕೊಂಡಿದ್ದೆವು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗ ಹೇಳಾಕ ಏನಾಗಿತ್ತವಾ" ಅಂದರು. ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಮೂರನೇ ಮೆಸ್ ಮುಗಿಸಿ ಹೊರಗೆ ಬಂದಾಗ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೈ ನಡುಗುತ್ತಿತ್ತು. "ಅಕ್ಕಾ, ಉಸಿರು ಬರವಲ್ದು" ಅಂದಳು. ದನಿ ಪೂರ್ತಿ ಹೋಗಿತ್ತು, ಗಾಳಿ ಮಾತ್ರ ಬರುತ್ತಿತ್ತು.

ನಾನು ಏನು ಹೇಳಿದೆ ಗೊತ್ತಾ? "ಧೈರ್ಯ ತಗೋ, ಇನ್ನು ಎರಡೇ ದಿನ." ಮುಳುಗುತ್ತಿರುವವರಿಗೆ ದಡ ತೋರಿಸಿದ ಹಾಗೆ. ನಮ್ಮ ಗುಂಪಿನಲ್ಲಿ ಸೈಕಾಲಜಿ ಓದುತ್ತಿದ್ದ ಒಬ್ಬ ಹುಡುಗಿ ಇದ್ದಳು. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಮಲ್ಲಿಯ ಚಪ್ಪಲಿ ಬಿಚ್ಚಿಸಿ, ಪಾದ ಎರಡನ್ನೂ ತಣ್ಣನೆಯ ಕಲ್ಲಿನ ಮೆಟ್ಟಿಲ ಮೇಲೆ ಇಡಿಸಿದಳು. ಉಸಿರು ಎಳೆಯುವುದರ ಬಗ್ಗೆ ಏನೂ ಹೇಳಲಿಲ್ಲ, "ನಿಧಾನ ಬಿಡು, ಬಿಸಿ ಚಹಾ ಊದಿದ ಹಾಗೆ ಊದು" ಅಂದಳು. ಕಾಲು ಗಂಟೆ ಹಿಡಿಯಿತು. ಸುತ್ತ ನಿಂತು ನೋಡುತ್ತಿದ್ದವರನ್ನು ಕಳಿಸುವ ಕೆಲಸ ನನಗೆ ಕೊಟ್ಟಳು. ನಿಜ ಹೇಳಬೇಕೆಂದರೆ ಆ ರಾತ್ರಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಅದು.

ಭಾನುವಾರದ ಜಗಳ

ಭಾನುವಾರ ಬೆಳಿಗ್ಗೆ ಕ್ಯಾಂಪಸ್ ಆರೋಗ್ಯ ಕೇಂದ್ರಕ್ಕೆ ಹೋದೆವು. ಡ್ಯೂಟಿ ಡಾಕ್ಟರ್ ಗಂಟಲು ನೋಡಿ, ಧ್ವನಿಪೆಟ್ಟಿಗೆ ಊದಿಕೊಂಡಿದೆ, ಮಾತು ಪೂರ್ತಿ ನಿಲ್ಲಿಸಬೇಕು, ಪಿಸುಮಾತೂ ಬೇಡ, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಜಾಸ್ತಿ ಕಷ್ಟ ಅಂದರು. ಬಿಸಿ ನೀರು, ಹಬೆ, ನಿದ್ದೆ. ಆಮೇಲೆ "ಕೊನೆಯ ಸಲ ಸರಿಯಾಗಿ ಊಟ ಮಾಡಿದ್ದು ಯಾವಾಗ" ಅಂತ ಕೇಳಿದರು. ಮಲ್ಲಿ ನನ್ನ ಮುಖ ನೋಡಿದಳು. ನನಗೂ ಉತ್ತರ ಗೊತ್ತಿರಲಿಲ್ಲ.

ಕೌನ್ಸೆಲರ್ ವಾರದ ದಿನಗಳಲ್ಲಿ ಮಾತ್ರ ಇರುತ್ತಿದ್ದರು. ಅವತ್ತು ಮಧ್ಯಾಹ್ನ ಸೈಕಾಲಜಿ ಹುಡುಗಿಯೇ ಟೆಲಿ ಮಾನಸ್‌ಗೆ ಫೋನ್ ಹಚ್ಚಿದಳು. ಮಾನಸಿಕ ಆರೋಗ್ಯದ ಸಹಾಯವಾಣಿ ಅದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಮಾತಾಡಬಾರದ ದಿನ ಫೋನ್ ಮಾಡಿದ್ದು ಸ್ವಲ್ಪ ತಮಾಷೆಯೇ. ಇವಳ ಪರವಾಗಿ ನಾನು ಕನ್ನಡದಲ್ಲಿ ಹೇಳಿದೆ, ಇವಳು ಸ್ಪೀಕರ್‌ನಲ್ಲಿ ಕೇಳಿಸಿಕೊಂಡಳು, ಮಧ್ಯೆ ಮಧ್ಯೆ ಪುಸ್ತಕದಲ್ಲಿ ಬರೆದು ತೋರಿಸಿದಳು. ಅತ್ತ ಕಡೆಯವರು ಯಾವ ಪವಾಡವನ್ನೂ ಮಾಡಲಿಲ್ಲ. ಆದರೆ ಒಂದು ವಾರದಲ್ಲಿ ಮೊದಲ ಸಲ ಯಾರೋ ಅವಳ ಓಟು ಕೇಳದೆ, ಗೆಲ್ಲುತ್ತೀಯಾ ಅಂತ ಕೇಳದೆ, ನಿದ್ದೆ ಬಂತಾ ಅಂತ ಕೇಳಿದ್ದು. ಅದೂ ಅವಳ ಭಾಷೆಯಲ್ಲಿ.

ಆಮೇಲೆ ಜಗಳ. ಭಾನುವಾರ ರಾತ್ರಿ ನಮ್ಮ ಪಟ್ಟಿಯಲ್ಲಿದ್ದದ್ದು ಕ್ಯಾಂಪಸ್ಸಿನ ಎರಡು ದೊಡ್ಡ ಹುಡುಗರ ಹಾಸ್ಟೆಲ್‌ಗಳ ಮೆಸ್. ಸುಮಾರು ಏಳುನೂರು ಓಟು. ಸೋಮವಾರ ರಾತ್ರಿ ಡಿಬೇಟ್. ಎರಡಕ್ಕೂ ಆಗುವಷ್ಟು ದನಿ ಇರಲಿಲ್ಲ. ನಮ್ಮಲ್ಲಿ ಬೀದರ್‌ನ ಒಬ್ಬ ಹುಡುಗ, ಬಹಳ ಚುರುಕು, ಹಟಮಾರಿ, "ಡಿಬೇಟ್‌ಗೆ ಬರೋರು ಮೊದಲೇ ಮನಸ್ಸು ಮಾಡಿರ್ತಾರ್ರೀ. ಓಟ್ ಇರೋದು ಮೆಸ್‌ನ್ಯಾಗ. ಅಕಿ ಸುಮ್ನ ಬಂದು ನಿಂತ್ರೂ ಸಾಕು" ಅಂದ. ಅವನು ಹೇಳಿದ್ದರಲ್ಲಿ ಹುರುಳಿತ್ತು. ನಾನು ಬೇಡ ಅಂದೆ. ಬಂದು ನಿಂತರೆ ಯಾರೋ ಪ್ರಶ್ನೆ ಕೇಳುತ್ತಾರೆ, ಕೇಳಿದರೆ ಇವಳು ಬಾಯಿ ತೆರೆಯದೇ ಇರುವವಳಲ್ಲ.

ಒಂದು ಗಂಟೆ ಹೀಗೇ ಎಳೆದಾಟ. ಮಲ್ಲಿ ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದಳು. ಕೊನೆಗೆ ಪೋಸ್ಟರ್‌ಗೆ ಇಟ್ಟಿದ್ದ ಒಂದು ಚಾರ್ಟ್ ಎಳೆದುಕೊಂಡು ಬ್ರಷ್‌ನಲ್ಲಿ ಬರೆದಳು: "ನಾ ಮಲಗತೀನಿ." ಅಷ್ಟು ದೊಡ್ಡ ಅಕ್ಷರದಲ್ಲಿ. ಬೀದರ್ ಹುಡುಗನಿಗೂ ನಗು ಬಂತು.

ನನ್ನ ಪ್ರಕಾರ ಈ ಪ್ರಕರಣದ ತಿರುವು ಇದೇ. ನಾವು ಅವಳ ಪರವಾಗಿ ತೀರ್ಮಾನ ಮಾಡಲು ಕೂತಿದ್ದೆವು, ಒಬ್ಬ ಅವಳನ್ನು ಓಡಿಸಲು, ಒಬ್ಬಳು ಅವಳನ್ನು ಉಳಿಸಲು. ಅವಳನ್ನೇ ಕೇಳಬೇಕು ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಅವತ್ತು ಬೇರೆ ಮೂರು ಬದಲಾವಣೆ ಆಯಿತು. ಫೋನ್ ಅವಳ ಕೈಯಿಂದ ಹೋಯಿತು. ರೂಮ್‌ಮೇಟ್ ತನ್ನ ಹಳೇ ಕೀಪ್ಯಾಡ್ ಫೋನ್‌ಗೆ ಸಿಮ್ ಹಾಕಿಕೊಟ್ಟಳು, ಮನೆಯವರ ಕರೆ ಅದಕ್ಕೆ ಬರುತ್ತಿತ್ತು. ಸ್ಮಾರ್ಟ್‌ಫೋನ್ ಬೀದರ್ ಹುಡುಗನ ಹತ್ತಿರ. ಅವನಿಗೆ ಒಂದೇ ನಿಯಮ: ಸುಳ್ಳು ಸುದ್ದಿ ಇದ್ದರೆ ಸ್ಕ್ರೀನ್‌ಶಾಟ್ ತೆಗೆದು ದೂರು ಕೊಡು, ಗೇಲಿ ಇದ್ದರೆ ಅಳಿಸು, ಎರಡನ್ನೂ ಅವಳಿಗೆ ತೋರಿಸಬೇಡ. ಹಿಂದೆ ಸರಿದಿದ್ದಾಳೆ ಅನ್ನುವ ಮೆಸೇಜ್ ಬಗ್ಗೆ ದೂರು ಕೊಟ್ಟದ್ದಕ್ಕೆ ಚುನಾವಣಾ ಸಮಿತಿ ಸಂಜೆಯೊಳಗೆ ನೋಟಿಸ್ ಬೋರ್ಡ್‌ನಲ್ಲಿ ಸ್ಪಷ್ಟನೆ ಹಾಕಿತು. ಸ್ಟಿಕ್ಕರ್ ಬಗ್ಗೆ ದೂರು ಕೊಡಲಿಲ್ಲ. ಕೊಟ್ಟಿದ್ದರೆ ಇನ್ನೂ ಸಾವಿರ ಜನ ನೋಡುತ್ತಿದ್ದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಅಭ್ಯರ್ಥಿಗಳು ಮಾಡುವ ದೊಡ್ಡ ತಪ್ಪು ಅಂತ ನನಗೆ ಅನ್ನಿಸುತ್ತದೆ.

ಎರಡನೆಯದು ಊಟ. ಮೆಸ್ ಮ್ಯಾನೇಜರ್‌ಗೆ ಹೇಳಿ ರಾತ್ರಿ ತಟ್ಟೆ ಎತ್ತಿಡಿಸುವ ಪ್ರಯತ್ನ ಮಾಡಿದೆವು, ನಿಯಮ ಇಲ್ಲ ಅಂದರು. ಆಗ ನೆನಪಾದದ್ದು ಆ ಸ್ಟೀಲ್ ಡಬ್ಬಿ. ಹದಿನೆಂಟು ರೊಟ್ಟಿ ಇತ್ತು ಅದರಲ್ಲಿ, ಬಂದು ಮೂರು ವಾರವಾಗಿದ್ದರೂ ಕಟಕಟ ಅನ್ನುತ್ತಿತ್ತು. ಸಂಜೆ ಆರೂಮುಕ್ಕಾಲಿಗೆ, ಹೊರಡುವ ಮುಂಚೆ, ಮೊಸರಲ್ಲಿ ರೊಟ್ಟಿ ಮುರಿದು ನೆನೆಸಿ, ಮೇಲೆ ಹಿಂಡಿ. ಅವಳು ಮುಗಿಸುವ ತನಕ ಒಬ್ಬರು ಎದುರಿಗೆ ಕೂತಿರಬೇಕು, ಕೇಳುವುದಕ್ಕಲ್ಲ, ನೋಡುವುದಕ್ಕೆ. ಗಂಟಲು ನೋವಿನವರಿಗೆ ಖಾರ ಬೇಡ ಅಂತ ನಾನಂದರೆ "ಹಿಂಡಿ ಇಲ್ಲದ ರೊಟ್ಟಿ ನಿಮ್ಮ ಕಡೆ ತಿಂತಾರೇನೋ" ಅಂತ ಬರೆದು ತೋರಿಸಿದಳು. ದನಿ ಇಲ್ಲದಿದ್ದರೂ ಬಾಯಿಗೇನೂ ಕಡಿಮೆ ಇರಲಿಲ್ಲ.

ಮೂರನೆಯದು ಪೋಸ್ಟರ್. ಸೊಟ್ಟ ಅಕ್ಷರದವರು ಬರೆದರು. ಅಷ್ಟೇ.

ಭಾನುವಾರ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳೂವರೆ ತನಕ ಮಲಗಿದಳು. ಹದಿನೇಳು ಗಂಟೆ ಮೀರಿ ಎಚ್ಚರ ಇದ್ದವರ ತಲೆ ಸ್ವಲ್ಪ ಕುಡಿದವರ ತಲೆಯಷ್ಟೇ ನಿಧಾನವಾಗುತ್ತದೆ ಅಂತ ಸೈಕಾಲಜಿ ಹುಡುಗಿ ಹೇಳಿದ್ದಳು. ಅಂದರೆ ಅದರ ಹಿಂದಿನ ಮೂರು ದಿನ ಮಲ್ಲಿ ರಾತ್ರಿ ಹನ್ನೊಂದರ ಮೇಲೆ ಅಂಥದ್ದೇ ತಲೆ ಹೊತ್ತು ಓಡಾಡಿದ್ದಳು.

ಆ ಎರಡು ಮೆಸ್‌ಗೆ ಬೀದರ್ ಹುಡುಗ ಮತ್ತು ಇನ್ನೊಬ್ಬಳು ಹೋಗಿ ಮಾತಾಡಿದರು. "ಕ್ಯಾಂಡಿಡೇಟ್ ಎಲ್ಲಿ" ಅಂತ ಕೂಗಿದರಂತೆ. "ದನಿ ಹೋಗಿದೆ, ನಿಮಗೆ ಡಿಬೇಟ್‌ನಲ್ಲಿ ಉತ್ತರ ಕೊಡೋಕೆ ಉಳಿಸಿಕೊಳ್ತಿದ್ದಾಳೆ" ಅಂದದ್ದಕ್ಕೆ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಶಿಳ್ಳೆ ಹೊಡೆದರು.

ಡಿಬೇಟ್, ಎಣಿಕೆ

ಸೋಮವಾರ ದನಿ ಮುಕ್ಕಾಲು ಬಂದಿತ್ತು. ಡಿಬೇಟ್‌ಗೆ ಮಾತ್ರ ಸಭಾಂಗಣದ ಮೈಕ್ ಇತ್ತು. ಮೊದಲ ಸಲ ಅವಳು ಕೂಗದೆ ಮಾತಾಡಿದಳು. ಇಂಗ್ಲಿಷ್ ನಿಂತಲ್ಲಿ ಹಿಂದಿ, ಹಿಂದಿ ನಿಂತಲ್ಲಿ ಇಂಗ್ಲಿಷ್. ಎದುರಾಳಿ ಒಬ್ಬರು ಬಸ್ಸಿನ ಬಗ್ಗೆ ಕೆಣಕಿದಾಗ, ಲೈಬ್ರರಿ ಗೇಟಿನಿಂದ ನಮ್ಮ ಹಾಸ್ಟೆಲ್ ಗೇಟಿನ ತನಕ ಎಷ್ಟು ಬೀದಿದೀಪ ಇವೆ, ಎಷ್ಟು ಉರಿಯುತ್ತವೆ ಅಂತ ಹೇಳಿದಳು. ಎಣಿಸಿಕೊಂಡು ಬಂದಿದ್ದಳು. ಮೂವತ್ತೊಂದರಲ್ಲಿ ಒಂಬತ್ತು. ಮತ್ತೆ, ಹೌದು, "ಅಕೌಂಟಬಿಲಿಟಿ" ಅನ್ನುವ ಪದವನ್ನೂ ಹೇಳಿದಳು. ನಿಧಾನವಾಗಿ, ಸಭೆಯ ಕಡೆ ನೋಡಿಕೊಂಡು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇವಳೂ ನಕ್ಕಳು.

ಮಂಗಳವಾರ ಬಂದ್. ಬುಧವಾರ ಮತದಾನ. ಗುರುವಾರ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಫಲಿತಾಂಶ. 43 ಓಟಿನಿಂದ ಸೋತಳು.

ಬಿಟ್ಟ ಆ ಎರಡು ಹಾಸ್ಟೆಲ್‌ಗೆ ಭಾನುವಾರ ಅವಳೇ ಹೋಗಿದ್ದರೆ? ಈ ಪ್ರಶ್ನೆಯನ್ನು ನಮ್ಮ ಗುಂಪಿನಲ್ಲಿ ಎಲ್ಲರೂ ಮನಸ್ಸಲ್ಲಿ ಕೇಳಿಕೊಂಡಿದ್ದೇವೆ, ಬೀದರ್ ಹುಡುಗ ಮಾತ್ರ ಬಾಯಿಬಿಟ್ಟು ಕೇಳಿದ. ಏಳುನೂರರಲ್ಲಿ 43 ಅಂದರೆ ಏನೂ ಅಲ್ಲ. ಹೋಗಿದ್ದರೆ ಗೆಲ್ಲುತ್ತಿದ್ದಳೇನೋ. ಹೋಗಿದ್ದರೆ ಡಿಬೇಟ್‌ನಲ್ಲಿ ಬರೀ ಗಾಳಿ ಬಂದು ಇನ್ನೂರು ಓಟು ಕಳೆದುಕೊಳ್ಳುತ್ತಿದ್ದಳೇನೋ. ಮೈ ಕಾಪಾಡಿಕೊಂಡರೆ ಗೆಲುವೂ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕೆಲವು ಸಲ ಅದಕ್ಕೆ ಬೆಲೆ ಕೊಡಬೇಕಾಗುತ್ತದೆ. ಮತ್ತೆ ಅದೇ ಭಾನುವಾರ ಬಂದರೆ ನಾನು ಅದೇ ಕಡೆ ನಿಲ್ಲುತ್ತೇನೆ. ಶನಿವಾರ ರಾತ್ರಿ ಆ ಮೆಟ್ಟಿಲ ಮೇಲೆ ನೋಡಿದ ಮುಖ ನನಗೆ ಸಾಕು.

ನಾವು ಯೋಚನೆ ಮಾಡದೇ ಇದ್ದ ಹತ್ತು ದಿನ

ಈಗ ನಾನು ನಿಜಕ್ಕೂ ಹೇಳಬೇಕು ಅಂದುಕೊಂಡಿದ್ದ ವಿಷಯ. ನಮ್ಮ ಎಲ್ಲ ವ್ಯವಸ್ಥೆ ಫಲಿತಾಂಶದ ದಿನಕ್ಕೆ ಮುಗಿದಿತ್ತು. ಫೋನ್ ವಾಪಸ್ ಕೊಟ್ಟೆವು. ಎದುರಿಗೆ ಕೂತು ಊಟ ನೋಡುವ ಪಾಳಿ ನಿಂತಿತು. ಎಲ್ಲರಿಗೂ ನಿದ್ದೆ ಬಾಕಿ, ಅಸೈನ್‌ಮೆಂಟ್ ಬಾಕಿ, ಮುಂದಿನ ವಾರ ಇಂಟರ್ನಲ್ಸ್. ನಾನು ನನ್ನ ಗೈಡ್‌ಗೆ ಕೊಡಬೇಕಾದ ಅಧ್ಯಾಯ ಹಿಡಿದು ಕೂತೆ. ಮಲ್ಲಿ "ಆರಾಮ ಅದೀನಿ ಅಕ್ಕಾ" ಅಂದಳು. ಮತ್ತೆ ಅದೇ, ನಾವು ಕೇಳಿದೆವು, ನೋಡಲಿಲ್ಲ.

ಹತ್ತನೇ ದಿನ ಅವಳ ರೂಮ್‌ಮೇಟ್ ಬಂದು ಹೇಳಿದಳು. ಮಲ್ಲಿ ಮೆಸ್‌ಗೆ ಹೋಗುವುದು ಒಂಬತ್ತೂಕಾಲಿಗೆ, ಎಲ್ಲರೂ ಎದ್ದುಹೋದ ಮೇಲೆ. ಕ್ಲಾಸ್‌ನಲ್ಲಿ ಕೊನೆಯ ಬೆಂಚು. ಹಗಲು ಹೊತ್ತು ಮುಖ್ಯ ರಸ್ತೆಯಲ್ಲಿ ಬರದೆ ಹಿಂದಿನ ಬಂಡೆಗಳ ದಾರಿಯಲ್ಲಿ ಸುತ್ತಿಕೊಂಡು ಬರುತ್ತಾಳೆ, ಆ ದಾರಿಯಲ್ಲಿ ಅವಳ ಪೋಸ್ಟರ್ ಇಲ್ಲ ಅಂತ. ಫೋನ್ ವಾಪಸ್ ಬಂದ ದಿನವೇ ಗ್ರೂಪ್‌ಗಳನ್ನೆಲ್ಲ ಮೇಲಿಂದ ಕೆಳಗೆ ಓದಿದ್ದಾಳೆ, ಹತ್ತು ದಿನದ್ದನ್ನೂ.

ಪ್ರಚಾರದಲ್ಲಿ ಕಷ್ಟ ಇದ್ದರೂ ಸುತ್ತ ಜನ ಇರುತ್ತಾರೆ. ಫಲಿತಾಂಶದ ಮಾರನೇ ದಿನ ಆ ಜನವೆಲ್ಲ ಒಟ್ಟಿಗೇ ಮಾಯ. ಗೆದ್ದವರಿಗೆ ಪ್ರಮಾಣವಚನ ಇರುತ್ತದೆ, ಸೋತವರಿಗೆ ಏನೂ ಇರುವುದಿಲ್ಲ. ನಾಲ್ಕು ಸಾವಿರ ಜನರಿಗೆ ಪರಿಚಯವಾದ ಮುಖ ಹೊತ್ತುಕೊಂಡು ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಬೇಕು. ಸಾಲಿನಲ್ಲಿ ಹಿಂದೆ ಮುಂದೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತನಗೆ ಓಟು ಹಾಕದವರು ಅಂತ ಗೊತ್ತಿರುತ್ತದೆ.

ನಮ್ಮನ್ನು ಮತ್ತೆ ಒಟ್ಟಿಗೆ ಸೇರಿಸಿದ್ದು ನಮ್ಮ ಒಳ್ಳೆಯತನ ಅಲ್ಲ, ಆ ಲಿಂಗ್ಡೊ ನಿಯಮ. ಎರಡು ವಾರದೊಳಗೆ ಖರ್ಚಿನ ಲೆಕ್ಕ ಒಪ್ಪಿಸದಿದ್ದರೆ ನೋಟಿಸ್ ಬರುತ್ತದೆ. ಹನ್ನೆರಡನೇ ದಿನ ಸಂಜೆ ಕ್ಯಾಂಟೀನ್ ಹಿಂದಿನ ಕಲ್ಲುಬೆಂಚಿನಲ್ಲಿ ಎಲ್ಲರೂ ಚೀಟಿಗಳನ್ನು ತಂದು ಸೇರಿದೆವು. ಮಲ್ಲಿ ಬರುವುದಿಲ್ಲ ಅಂದಿದ್ದಳು, ಅವಳ ಸಹಿ ಬೇಕು ಅಂತ ಎಳೆದು ತಂದೆವು.

ಮುಂದಿನ ವರ್ಷ ನಮ್ಮ ಹಾಸ್ಟೆಲ್‌ನಿಂದ ಇನ್ನೊಬ್ಬಳು ನಿಂತಾಗ ನಾನು ಹೇಳಿದ್ದು ಇಷ್ಟು. ಮನೆಗೆ ಮೊದಲೇ ಹೇಳು. ಕೈಬರಹ ಚೆನ್ನಾಗಿದ್ದರೆ ಯಾರಿಗೂ ತೋರಿಸಬೇಡ. ಫೋನ್ ಹಿಡಿಯುವವರನ್ನು ನಾಮಪತ್ರದ ದಿನವೇ ಆರಿಸು, ಪೆಟ್ಟು ಬಿದ್ದ ಮೇಲೆ ಅಲ್ಲ. ಪ್ರಚಾರದ ಪಟ್ಟಿ ಮಾಡುವಾಗ ಫಲಿತಾಂಶದ ಮುಂದಿನ ಒಂದು ವಾರವನ್ನೂ ಅದೇ ಹಾಳೆಯಲ್ಲಿ ಬರೆ, ಯಾವ ದಿನ ಯಾರ ಜೊತೆ ಊಟ ಅಂತ ಹೆಸರು ಸಮೇತ. ಗೆದ್ದರೂ ಅದೇ ಪಟ್ಟಿ. ಅವಳು ಎಷ್ಟು ಕೇಳಿದಳೋ ಗೊತ್ತಿಲ್ಲ, ಊಟದ ಪಟ್ಟಿಯನ್ನಂತೂ ಗೋಡೆಗೆ ಅಂಟಿಸಿದ್ದಳು.

ಆ ಸಂಜೆಯ ಲೆಕ್ಕ ಹೀಗಿತ್ತು. ಚಾರ್ಟ್, ಬಣ್ಣ, ಬ್ರಷ್ 1,640. ಮೈದಾ ಹಿಟ್ಟು 90. ಚಹಾ 1,485. ಬಾಳೆಹಣ್ಣು, ಬಿಸ್ಕೆಟ್ 410. ಬೀದರ್ ಹುಡುಗ ಜೋರಾಗಿ ಓದುತ್ತಿದ್ದ, ಚಹಾದ ಅಂಕಿ ಬಂದಾಗ ಎಲ್ಲರೂ ಅವನನ್ನೇ ನೋಡಿದರು. ಮಲ್ಲಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಎಲ್ಲ ಮುಗಿದು ಮೊತ್ತ ಹಾಕುವಾಗ ಪೆನ್ನು ನಿಲ್ಲಿಸಿ ಕೇಳಿದಳು, "ಹಬೆ ತಗೊಳ್ಳಾಕ ವಿಕ್ಸ್ ತಂದಿದ್ವಲ್ಲ, 45 ರೂಪಾಯಿ. ಅದು ಪ್ರಚಾರದ ಖರ್ಚೋ, ನಂದೋ?"

ಅರ್ಧ ಗಂಟೆ ವಾದ ಆಯಿತು. ಸೈಕಾಲಜಿ ಹುಡುಗಿ ಪ್ರಚಾರದ್ದೇ ಅಂದಳು. ಬೀದರ್ ಹುಡುಗ ಲೆಕ್ಕ ಪರಿಶೀಲಿಸುವವರು ನಗುತ್ತಾರೆ ಅಂದ. ನಗಲಿ ಬಿಡು ಅಂತ ಮಲ್ಲಿಯೇ ಹೇಳಿ, ಮೈದಾ ಹಿಟ್ಟಿನ ಕೆಳಗೆ ಇನ್ನೊಂದು ಸಾಲು ಬರೆದಳು. ಒಟ್ಟು 3,670.